ಸೈತಾನನ ಹುದ್ದೆ

ನಾನು 34 ವರ್ಷ ಕೋರ್ಟಿನಲ್ಲಿ ಕಡತ ಹೊತ್ತು, ಶಿರಸ್ತೇದಾರನಾಗಿ ನಿವೃತ್ತನಾದವನು. ನಮ್ಮಲ್ಲಿ ಸರ್ಕಾರಿ ವಕೀಲರನ್ನು ಯಾರೂ ಹೆಸರು ಹಿಡಿದು ಹೇಳುವುದಿಲ್ಲ. 'ಪಿ.ಪಿ. ಬಂದರಾ?' ಅಂತಲೇ ಕೇಳುವುದು. ಆಳು ಬದಲಾಗುತ್ತಾರೆ, ಕುರ್ಚಿ ಅಲ್ಲೇ ಇರುತ್ತದೆ. ಒಮ್ಮೆ ಆರೋಪಿಯೊಬ್ಬನ ತಾಯಿ ಅದನ್ನು ಆ ಮನುಷ್ಯನ ಹೆಸರೆಂದೇ ತಿಳಿದು, 'ಆ ಪೀಪಿ ಅನ್ನುವವನಿಗೆ ನನ್ನ ಮಗನ ಮೇಲೆ ಯಾಕಪ್ಪಾ ಇಷ್ಟು ಹಗೆ?' ಎಂದು ನನ್ನ ಮೇಜಿನ ಮುಂದೆ ಅತ್ತಿದ್ದಳು. ನಿವೃತ್ತಿಯ ಮೇಲೆ ಬೈಬಲನ್ನು ಮೊದಲ ಪುಟದಿಂದ ಓದಲು ಕೂತಾಗ ಆ ತಾಯಿ ನೆನಪಾದಳು. ಸೈತಾನನ ವಿಷಯದಲ್ಲೂ ಆದದ್ದು ಅದೇ.

ಹೀಬ್ರೂವಿನಲ್ಲಿ 'ಸಾತಾನ್' ಎಂದರೆ ಎದುರು ನಿಲ್ಲುವವನು, ಅಷ್ಟೆ. ಫಿಲಿಷ್ಟಿಯರ ಸರದಾರರು ದಾವೀದನನ್ನು ಯುದ್ಧಕ್ಕೆ ಕರೆದೊಯ್ಯಲು ಒಪ್ಪುವುದಿಲ್ಲ. ನಡು ಕಾಳಗದಲ್ಲಿ ಇವನು ನಮಗೇ 'ಸಾತಾನ್' ಆದರೆ ಎಂಬ ಹೆದರಿಕೆ. ಬಿಳಾಮನ ಕತ್ತೆಗೆ ಅಡ್ಡ ನಿಂತನಲ್ಲ, ಆ ದೇವದೂತನಿಗೂ ಇದೇ ಶಬ್ದ. ಏದೆನಿನ ಹಾವಿಗೆ ಮಾತ್ರ ಆದಿಕಾಂಡ ಈ ಹೆಸರು ಕೊಟ್ಟೇ ಇಲ್ಲ. ಅದು ಹಾವು, ಅಷ್ಟೆ.

ಯೋಬನ ಗ್ರಂಥಕ್ಕೆ ಬಂದಾಗ ಶಬ್ದದ ಮೊದಲಿಗೆ 'ಹ' ಸೇರಿ 'ಹ-ಸಾತಾನ್' ಆಗುತ್ತದೆ. ಹೀಬ್ರೂವಿನಲ್ಲಿ ಆಳಿನ ಹೆಸರಿಗೆ ಈ 'ಹ' ಹತ್ತುವುದಿಲ್ಲ, ಹುದ್ದೆಗೆ ಹತ್ತುತ್ತದೆ. ಕನ್ನಡದಲ್ಲಿ ಅಂಥ ಗುರುತಿಲ್ಲ. ಹಾಗಾಗಿ ನಾವು 'ಸೈತಾನನು' ಎಂದು ಓದಿ ಹೆಸರೆಂದೇ ನಂಬುತ್ತೇವೆ. ಅಲ್ಲಿಯ ದೃಶ್ಯವಾದರೋ ಪಕ್ಕಾ ಕಚೇರಿಯದು. ದೇವಪುತ್ರರು ಹಾಜರಿ ಹಾಕುವ ದಿನ ಇವನೂ ಹಾಜರು. ಎಲ್ಲಿಂದ ಬಂದೆ ಎಂದರೆ ಭೂಮಿ ಸುತ್ತಿ ಬಂದೆ ಅನ್ನುತ್ತಾನೆ. ಪರ್ಷಿಯದ ಅರಸರು ನಾಡು ಸುತ್ತಲು ಬಿಡುತ್ತಿದ್ದ ತಪಾಸಣೆಗಾರರ ನೆರಳು ಇಲ್ಲಿದೆ ಎಂದು ಕೆಲವು ವಿದ್ವಾಂಸರ ಊಹೆ. ಯೋಬನಂಥ ಸಜ್ಜನ ಇಲ್ಲ ಎಂದು ದೇವರು ಹೊಗಳಿದಾಗ ಇವನು ಕೇಳುವುದು ಯಾವ ಪಿ.ಪಿ.ಯಾದರೂ ಕೇಳಲೇಬೇಕಾದ ಪ್ರಶ್ನೆ: ಲಾಭವಿಲ್ಲದೆ ಭಕ್ತಿಯೇ? ಪರೀಕ್ಷೆಗೆ ಅನುಮತಿ ಸಿಗುತ್ತದೆ, ಷರತ್ತಿನ ಮೇಲೆ. ಮೊದಲು, ಇದ್ದುದನ್ನೆಲ್ಲ ಮುಟ್ಟು, ಮೈ ಮುಟ್ಟಬೇಡ. ಎರಡನೆಯ ಹಾಜರಿಯಲ್ಲಿ, ಮೈ ಮುಟ್ಟು, ಪ್ರಾಣ ಮುಟ್ಟಬೇಡ. ಅವನು ಷರತ್ತು ಮೀರಿದ ದಾಖಲೆ ಇಲ್ಲ. 42 ಅಧ್ಯಾಯಗಳ ಗ್ರಂಥದಲ್ಲಿ ಎರಡನೆಯ ಅಧ್ಯಾಯದ ನಂತರ ಅವನ ಸುಳಿವೇ ಇಲ್ಲ. ಯೋಬನ ಹತ್ತು ಮಕ್ಕಳು ಸತ್ತರು, ಅದಕ್ಕಾಗಿ ಯಾರನ್ನೂ ವಿಚಾರಿಸಲಿಲ್ಲ. ಇದು ಮಾತ್ರ ಇವತ್ತಿಗೂ ನನ್ನ ಗಂಟಲಲ್ಲಿ ಇಳಿದಿಲ್ಲ.

ಹುದ್ದೆ ಹೆಸರಾಗಿ ತಿರುಗುವುದನ್ನು ಕಣ್ಣಾರೆ ನೋಡಬೇಕೆಂದರೆ ಎರಡು ಕಡತ ಪಕ್ಕಪಕ್ಕ ಇಡಬೇಕು. ದಾವೀದ ಜನಗಣತಿ ಮಾಡಿಸಿದ, ವ್ಯಾಧಿ ಬಂದು 70,000 ಮಂದಿ ಸತ್ತರು. ಗಣತಿಗೆ ಅವನನ್ನು ಎಬ್ಬಿಸಿದ್ದು ದೇವರ ಕೋಪ ಎನ್ನುತ್ತದೆ ಸಮುವೇಲನ ಎರಡನೆಯ ಗ್ರಂಥ. ಅದಕ್ಕಿಂತ ಬಹಳ ತಡವಾಗಿ ಬರೆದ ಪೂರ್ವಕಾಲವೃತ್ತಾಂತ ಅದೇ ಘಟನೆ ಹೇಳುತ್ತ, ಎಬ್ಬಿಸಿದವನು ಸಾತಾನ್ ಎನ್ನುತ್ತದೆ. ಇಲ್ಲಿ 'ಹ' ಬಿದ್ದುಹೋಗಿದೆ. ಎಫ್‌ಐಆರ್‌ನಲ್ಲಿ ಆರೋಪಿಯ ಹೆಸರು ತಿದ್ದಿದಂತೆ. ದೇವರ ಮೇಲೆ ಇಂಥದ್ದನ್ನು ಹೊರಿಸಲು ಮನಸ್ಸಾಗದ ಯಾವನೋ ಲಿಪಿಕಾರ ನನಗೆ ಅಲ್ಲಿ ಕಾಣುತ್ತಾನೆ. ಅವನ ಸಂಕಟ ನನಗೆ ಅರ್ಥವಾಗುತ್ತದೆ.

ಗ್ರೀಕ್ ಅನುವಾದಕರು ಈ ಶಬ್ದಕ್ಕೆ 'ದಿಯಾಬೊಲೊಸ್' ಎಂದು ಹಾಕಿದರು. ಅಂದರೆ ಚಾಡಿಕೋರ. ಆರೋಪ ಮಾಡುವವನಿಗೂ ಸುಳ್ಳು ಆರೋಪ ಮಾಡುವವನಿಗೂ ಇರುವ ಅಂತರ ಅಲ್ಲಿಗೆ ಅಳಿಯಿತು. ಹೊಸ ಒಡಂಬಡಿಕೆಯಲ್ಲಿ ಅವನು ಅಡವಿಯಲ್ಲಿ ಯೇಸುವನ್ನು ಪರೀಕ್ಷಿಸುತ್ತಾನೆ, ಗರ್ಜಿಸುವ ಸಿಂಹವಾಗುತ್ತಾನೆ. ಕೊನೆಗೆ ಪ್ರಕಟನೆಯ 12ನೆಯ ಅಧ್ಯಾಯ ಘಟಸರ್ಪ, ಪುರಾತನ ಹಾವು, ಪಿಶಾಚ, ಸೈತಾನ ಎಲ್ಲವನ್ನೂ ಒಬ್ಬನ ಮೇಲೆಯೇ ಕಟ್ಟುತ್ತದೆ. ಆದರೂ ಅಲ್ಲಿಯೇ, ಮುಂದಿನ ವಚನದಲ್ಲಿ, ಹಗಲೂ ಇರುಳೂ ದೇವರ ಮುಂದೆ ನಮ್ಮವರ ಮೇಲೆ ದೂರು ಹೇಳುತ್ತಿದ್ದವನು ಎಂದು ಅವನ ಹಳೆಯ ಕೆಲಸವೂ ನೆನಪಾಗುತ್ತದೆ. ಯೋಹಾನನ ಮೊದಲ ಪತ್ರ ಯೇಸುವಿಗೆ ಬಳಸುವ 'ಪರಾಕ್ಲೇತೊಸ್' ಎಂಬ ಗ್ರೀಕ್ ಮಾತಿಗೆ ಪರವಾಗಿ ವಾದಿಸುವವನು ಎಂಬ ಅರ್ಥವೂ ಉಂಟು. ಕೋರ್ಟು ಪೂರ್ತಿ ಮುಚ್ಚಿರಲಿಲ್ಲ.

ಲೂಸಿಫರನ ಕತೆ ಬೇರೆ. ಬಾಬೆಲಿನ ಅರಸನನ್ನು ಹಂಗಿಸುತ್ತ ಯೆಶಾಯ ಅವನನ್ನು ಆಕಾಶದಿಂದ ಬಿದ್ದ ಬೆಳ್ಳಿಚುಕ್ಕಿ ಎಂದ. ಬಿದ್ದದ್ದು ಸೈತಾನನೇ ಎಂದು 3ನೆಯ ಶತಮಾನದಲ್ಲೇ ಕ್ರೈಸ್ತ ಪಂಡಿತ ಒರಿಗೆನ್ ಓದಿದ್ದ. ಆಮೇಲೆ ಜೆರೋಮನ ಲ್ಯಾಟಿನ್ ಬೈಬಲಿನಲ್ಲಿ ಆ ಚುಕ್ಕಿಗಿದ್ದ ಶಬ್ದವೇ ಅವನ ಹೆಸರಾಯಿತು. ನಾನು ಚಿಕ್ಕವನಿದ್ದಾಗ ಈಸ್ಟರ್ ರಾತ್ರಿ ಪಾದ್ರಿಗಳು ದೊಡ್ಡ ಮೇಣದ ಬತ್ತಿಯ ಮುಂದೆ ಲ್ಯಾಟಿನ್ ಹಾಡು ಹಾಡುತ್ತಿದ್ದರು. ಅದರ ಕೊನೆಗೆ 'ಲೂಚಿಫೆರ್' ಎಂಬ ಮಾತು ಬರುತ್ತದೆ, ಅಲ್ಲಿ ಅದು ಕ್ರಿಸ್ತನಿಗೆ! ಸ್ವಲ್ಪ ಹೊತ್ತಿಗೆ, ಸೈತಾನನನ್ನು ತ್ಯಜಿಸುತ್ತೀರೋ ಎಂಬ ಪ್ರಶ್ನೆ. ಹೆಬ್ಬೆರಳ ಮೇಲೆ ಬಿಸಿ ಮೇಣ ತೊಟ್ಟಿಕ್ಕುತ್ತಿದ್ದಂತೆ ನಾವೆಲ್ಲ ತ್ಯಜಿಸುತ್ತೇವೆ ಎಂದು ಕೂಗುತ್ತಿದ್ದೆವು. ಮನೆಯ ಕೊಂಕಣಿಯಲ್ಲಿ ಅಜ್ಜಿ ಅವನನ್ನು 'ದೆವ್ಚಾರ್' ಅನ್ನುತ್ತಿದ್ದಳು, ಅದೂ ದನಿ ತಗ್ಗಿಸಿ.

ಹಳೆಯ ಹುದ್ದೆಗೆ ಮತ್ತೆ ನೇಮಕಾತಿ ಮಾಡಿದ್ದು ರೋಮ್. ಯಾರನ್ನಾದರೂ ಸಂತರೆಂದು ಸಾರುವ ಮೊದಲು ಅವರ ವಿರುದ್ಧ ವಾದಿಸಲು 1587ರಲ್ಲಿ ಪೋಪ್ 5ನೆಯ ಸಿಕ್ಸ್ಟಸ್ ಒಬ್ಬ ಅಧಿಕಾರಿಯನ್ನು ಗೊತ್ತುಮಾಡಿದರು. ಜನ ಅವನನ್ನು ಸೈತಾನನ ವಕೀಲ ಎಂದರು. 1983ರಲ್ಲಿ ಪೋಪ್ 2ನೆಯ ಜಾನ್ ಪಾಲ್ ಆ ಕೆಲಸವನ್ನು ಬಹುಪಾಲು ಮೊಟಕು ಮಾಡಿದರು. ಹಾಗಾಗಿ ಕೋಲ್ಕತ್ತದ ಮದರ್ ತೆರೇಸಾರ ವಿಚಾರಣೆ ಬಂದಾಗ ಹೊರಗಿನವರನ್ನು ಕರೆಯಬೇಕಾಯಿತು. ಅವರ ಕಟು ಟೀಕಾಕಾರ, ನಾಸ್ತಿಕ ಕ್ರಿಸ್ಟೋಫರ್ ಹಿಚೆನ್ಸ್ 2001ರಲ್ಲಿ ವಾಷಿಂಗ್ಟನ್ನಿನಲ್ಲಿ ಚರ್ಚಿನ ಅಧಿಕಾರಿಗಳ ಮುಂದೆ ಸಾಕ್ಷಿ ಹೇಳಿದರು. ಸೈತಾನನ ಪರ ಪುಕ್ಕಟೆ ವಕಾಲತ್ತು ಮಾಡಿ ಬಂದೆ ಎಂದು ಆಮೇಲೆ ತಮಾಷೆ ಮಾಡುತ್ತಿದ್ದರು. 2016ರಲ್ಲಿ ತೆರೇಸಾ ಸಂತರಾದರು. ವಿರುದ್ಧದ ಸಾಕ್ಷಿಯನ್ನೂ ಕೂರಿಸಿ ಕೇಳಿದರಲ್ಲ ಎಂಬುದೇ ನನ್ನಂಥ ಗುಮಾಸ್ತನಿಗೆ ಸಮಾಧಾನ.