ಅನನಾಸಿನ ಬಳಗದ ಅಂದದ ಗಿಡ: ಮನೆಯಂಗಳದಲ್ಲಿ ಬ್ರೊಮೆಲಿಯಾಡ್

ಕ್ರೋಟನ್, ಆಂಥೂರಿಯಂ, ಆರ್ಕಿಡ್‌ಗಳ ಸಾಲಿಗೆ ಕಾಸರಗೋಡು ಕಡೆಯ ಮನೆಯಂಗಳಗಳಲ್ಲಿ ಸೇರಿಕೊಂಡ ಇನ್ನೊಂದು ಗಿಡ ಬ್ರೊಮೆಲಿಯಾಡ್. ಸುತ್ತು ಸುತ್ತಾಗಿ ಜೋಡಿಸಿದಂಥ ಎಲೆ, ನಡುವೆ ನೀರು ನಿಲ್ಲುವ ಬಟ್ಟಲು, ತಿಂಗಳುಗಟ್ಟಲೆ ಬಾಡದ ಕೆಂಪು ಅಥವಾ ಹಳದಿ ಹೂಗೊಂಚಲು. ನೋಡಿದವರು "ಇದು ಅನನಾಸಿನ ಗಿಡವೇ?" ಎಂದು ಕೇಳುವುದುಂಟು. ಕೇಳಿದವರ ಊಹೆ ಸರಿಯಾದುದೇ. ಅನನಾಸು, ಅಂದರೆ ಮಲಯಾಳದ ಕೈತಚಕ್ಕ, ಇದೇ ಕುಟುಂಬದ್ದು.

ಸ್ವೀಡನ್ನಿನ ವೈದ್ಯ, ಸಸ್ಯಶಾಸ್ತ್ರಜ್ಞ ಒಲೋಫ್ ಬ್ರೊಮೆಲಿಯಸ್ (1639-1705) ಅವರ ಹೆಸರಿನಿಂದ ಈ ಕುಟುಂಬಕ್ಕೆ ಹೆಸರು ಬಂದಿದೆ. 3,000ಕ್ಕೂ ಹೆಚ್ಚು ಪ್ರಭೇದಗಳಿವೆ. ಪಶ್ಚಿಮ ಆಫ್ರಿಕದ ಒಂದೇ ಒಂದನ್ನು ಬಿಟ್ಟರೆ ಎಲ್ಲದರ ತವರು ಅಮೆರಿಕ ಖಂಡಗಳು. 1493ರಲ್ಲಿ ಕೊಲಂಬಸ್ ಗ್ವಾಡಲೂಪ್ ದ್ವೀಪದಲ್ಲಿ ಅನನಾಸನ್ನು ಕಂಡ. 16ನೇ ಶತಮಾನದಲ್ಲಿ ಪೋರ್ಚುಗೀಸರು ಅದನ್ನು ನಮ್ಮ ಕರಾವಳಿಗೆ ತಂದರು. ಹಣ್ಣಿನ ಗಿಡ ಬಂದು ನಾಲ್ಕು ಶತಮಾನ ಕಳೆದ ಮೇಲೆ ಅದರ ಹೂವಿನ ನೆಂಟರು ನಮ್ಮ ಜಗಲಿ ಏರಿದ್ದಾರೆ.

ಇವುಗಳಲ್ಲಿ ಹೆಚ್ಚಿನವು ಕಾಡಿನಲ್ಲಿ ಮರದ ಮೇಲೆ ಬೆಳೆಯುವಂಥವು. ಆದರೆ ಬಂದಣಿಕೆಯಂತೆ ಮರದ ರಸ ಹೀರುವುದಿಲ್ಲ. ನಮ್ಮ ಸೀತಾಳೆ ದಂಡೆಯ ಹಾಗೆ ಮರವನ್ನು ಆಸರೆಗೆ ಮಾತ್ರ ಹಿಡಿಯುತ್ತವೆ. ಬೇರಿನ ಮುಖ್ಯ ಕೆಲಸ ಅಂಟಿಕೊಳ್ಳುವುದು. ನೀರು ಮತ್ತು ಆಹಾರವನ್ನು ಎಲೆಗಳ ಮೇಲಿರುವ ಹುರುಪೆಯಂಥ ಸೂಕ್ಷ್ಮ ರೋಮಗಳು ಹೀರಿಕೊಳ್ಳುತ್ತವೆ. ಈ ಒಂದು ಸಂಗತಿ ಮನಸ್ಸಿನಲ್ಲಿದ್ದರೆ ಸಾಕು, ಗಿಡ ಸಾಕುವ ಕ್ರಮವೆಲ್ಲ ತಾನಾಗಿ ತಿಳಿಯುತ್ತದೆ.

ಕುಂಡಕ್ಕೆ ತೋಟದ ಮಣ್ಣು ತುಂಬಿದರೆ ಬುಡ ಕೊಳೆಯುತ್ತದೆ. ತೆಂಗಿನ ಸಿಪ್ಪೆಯ ಚೂರು, ಇದ್ದಿಲು, ಇಟ್ಟಿಗೆ ಚೂರು ಬೆರೆಸಿದರೆ ಸಾಕು. ಸಿಪ್ಪೆಯನ್ನು ಎರಡು ಮೂರು ಸಲ ನೀರಿನಲ್ಲಿ ನೆನೆಸಿ ಉಪ್ಪಿನಂಶ ತೆಗೆಯಬೇಕು. ಸಣ್ಣ ಗಿಡಕ್ಕೆ ತೂತು ಕೊರೆದ ಗೆರಟೆಯೂ ಆದೀತು. ಮೆದು ಎಲೆಯ ಗುಜ್ಮೇನಿಯಾ, ವ್ರಿಯೇಸಿಯಾಗಳಿಗೆ ಜಗಲಿಯ ನೆರಳು ಬೇಕು. ನಿಯೊರೆಗೇಲಿಯಾಕ್ಕೆ ಬೆಳಗಿನ ಬಿಸಿಲು ಬಿದ್ದರೆ ಎಲೆ ಕೆಂಪೇರುತ್ತದೆ, ನೆರಳಾದರೆ ಹಸಿರಾಗಿಯೇ ಉಳಿಯುತ್ತದೆ. ಹೊಸಬರಿಗೆ ನಾನು ಸೂಚಿಸುವುದು ಬಿಲ್‌ಬರ್ಜಿಯಾ. ಅದನ್ನು ಕೊಲ್ಲುವುದೇ ಕಷ್ಟ. ಬೇರಿಲ್ಲದೆ ಗಾಳಿಯಲ್ಲಿ ತೂಗಾಡುವ ಬೂದು ಬಣ್ಣದ ಟಿಲ್ಯಾಂಡ್ಸಿಯಾ ಮಾತ್ರ ನಮ್ಮ ಮಳೆಗಾಲಕ್ಕೆ ಹೇಳಿದ ಗಿಡವಲ್ಲ. ಸುಮಾರು 3,500 ಮಿಲಿಮೀಟರ್ ಮಳೆ ಬೀಳುವ ಜಿಲ್ಲೆಯಲ್ಲಿ ಅದನ್ನು ಹೊರಗೆ ಬಿಟ್ಟರೆ ನಡು ಕೊಳೆತು ಎಲೆ ಕಳಚಿಕೊಳ್ಳುತ್ತದೆ.

ಅಡಿಕೆಯ ಮದ್ದು, ಗಿಡದ ವಿಷ

ನಮ್ಮ ಕಡೆ ಈ ಗಿಡಗಳಿಗೆ ದೊಡ್ಡ ಅಪಾಯ ಬರುವುದು ಅಡಿಕೆ ತೋಟದಿಂದ. ಕೊಳೆರೋಗಕ್ಕೆ ನಾವು ಬಿಡುವ ಮದ್ದು ಮೈಲುತುತ್ತು ಮತ್ತು ಸುಣ್ಣ ಸೇರಿಸಿದ ಶೇ. 1ರ ಬೋರ್ಡೋ ದ್ರಾವಣ. ಮಳೆಗಾಲದ ಆರಂಭಕ್ಕೆ ಒಮ್ಮೆ, 40-45 ದಿನ ಕಳೆದು ಮತ್ತೊಮ್ಮೆ ಬಿಡುವುದು ವಾಡಿಕೆ. ಮೈಲುತುತ್ತಿನಲ್ಲಿರುವುದು ತಾಮ್ರ. ಬ್ರೊಮೆಲಿಯಾಡಿಗೆ ತಾಮ್ರ ಆಗಿಬರುವುದಿಲ್ಲ. ಎಲೆಯ ಮೂಲಕವೇ ಕುಡಿಯುವ ಗಿಡವಾದ್ದರಿಂದ ಬಿದ್ದ ಹನಿಯೆಲ್ಲ ಒಳಗೆ ಹೋಗುತ್ತದೆ. ತೋಟದ ಅಂಚಿನಲ್ಲಿ ಕಟ್ಟಿದ್ದ ನನ್ನ ಐದು ಗಿಡಗಳು ಒಂದು ವರ್ಷ ಹೀಗೆಯೇ ಹೋದವು. ನೀರು ಹೆಚ್ಚಾಯಿತೆಂದು ನಾನು, ಕಡಿಮೆಯಾಯಿತೆಂದು ಮನೆಯವರು ವಾದಿಸುತ್ತಿದ್ದೆವು.

ತಾಮ್ರದ ಈ ಗುಣವನ್ನು ಕೆರಿಬಿಯನ್ ದ್ವೀಪ ಟ್ರಿನಿಡಾಡಿನಲ್ಲಿ ಉದ್ದೇಶಪೂರ್ವಕವಾಗಿಯೇ ಬಳಸಿದ್ದರು. ಅಲ್ಲಿ ಕೋಕೋ ತೋಟಗಳಿಗೆ ನೆರಳು ಕೊಡಲು ನೆಟ್ಟ ಮರಗಳ ತುಂಬ ಬ್ರೊಮೆಲಿಯಾಡ್ ಬೆಳೆದಿತ್ತು. ಆ ಮರ, ನಾವು ಕರಿಮೆಣಸಿನ ಬಳ್ಳಿ ಹಬ್ಬಿಸುವ ಹಾಲಿವಾಣದ (ತುಳುವಿನ ಪೊಂಗಾರೆ, ಮಲಯಾಳದ ಮುರಿಕ್ಕ್) ಜಾತಿಗೇ ಸೇರಿದ್ದು. ಗಿಡಗಳ ಬಟ್ಟಲುಗಳಲ್ಲಿ ಮಲೇರಿಯಾ ಹರಡುವ ಅನಾಫಿಲಿಸ್ ಬೆಲೇಟರ್ ಎಂಬ ಸೊಳ್ಳೆ ಮರಿಯಿಡುತ್ತಿತ್ತು. 1940ರ ದಶಕದಲ್ಲಿ ಜೀವವಿಜ್ಞಾನಿ ಕಾಲಿನ್ ಪಿಟೆಂಡ್ರಿ ಇದನ್ನು ಅಧ್ಯಯನ ಮಾಡಿದರು. ಮರಗಳ ಮೇಲೆ ಮೈಲುತುತ್ತಿನ ನೀರು ಸಿಂಪಡಿಸಿ ಬ್ರೊಮೆಲಿಯಾಡನ್ನೇ ಕೊಲ್ಲುವುದು ಅಲ್ಲಿನ ಮಲೇರಿಯಾ ನಿಯಂತ್ರಣದ ಮಾರ್ಗವಾಗಿತ್ತು.

ಆದುದರಿಂದ ಮದ್ದು ಬಿಡುವ ದಿನ ಕುಂಡಗಳನ್ನು ಮಾಡಿನಡಿಗೆ ಸೇರಿಸಿಡಿ. ಹನಿ ಸಿಡಿದರೆ ಕೂಡಲೇ ಬಟ್ಟಲಿನ ನೀರು ಚೆಲ್ಲಿ, ಎಲೆಗಳನ್ನು ಚೆನ್ನಾಗಿ ತೊಳೆಯಿರಿ. ಮರಕ್ಕೆ ಕಟ್ಟುವುದಿದ್ದರೆ ಅಡಿಕೆಯಿಂದ ದೂರವಿರುವ ಹಲಸು, ಮಾವು ಆಗಬಹುದು. ತಾಮ್ರದ ತಂತಿ ಬೇಡ, ತೆಂಗಿನ ಹುರಿ ಸಾಕು.

ಬಟ್ಟಲಿನ ನೀರು ಮತ್ತು ಡೆಂಗ್ಯೂ

ಟ್ರಿನಿಡಾಡಿನ ಸೊಳ್ಳೆ ಇಲ್ಲಿಲ್ಲ, ಆದರೆ ಡೆಂಗ್ಯೂ ಹರಡುವ ಈಡಿಸ್ ಇದೆ. ಎಲೆಯ ಬುಡದಲ್ಲಿ ನಿಂತ ಅಷ್ಟು ನೀರು ಅದಕ್ಕೆ ಸಾಲುತ್ತದೆ. ಮೊಟ್ಟೆ ಸೊಳ್ಳೆಯಾಗಲು ಸಾಮಾನ್ಯವಾಗಿ ಏಳರಿಂದ ಹತ್ತು ದಿನ ಬೇಕು. ಕೇರಳದಲ್ಲಿ ಮನೆಗಳಲ್ಲಿ ಭಾನುವಾರ 'ಡ್ರೈ ಡೇ' ಆಚರಿಸುವಂತೆ ಆರೋಗ್ಯ ಕಾರ್ಯಕರ್ತರು ಹೇಳುವುದು ಈ ಲೆಕ್ಕದಿಂದಲೇ. ರಬ್ಬರ್ ಹಾಲಿನ ಗೆರಟೆ ಕವುಚಿ ಹಾಕುವ ದಿನ ಈ ಗಿಡಗಳನ್ನೂ ಮರೆಯಬಾರದು. ಕುಂಡವನ್ನು ಎತ್ತಿ ಬಗ್ಗಿಸಿ ನೀರು ಚೆಲ್ಲಿ ಹೊಸ ನೀರು ಹಾಕಿ. ನೆಲದಲ್ಲಿ ನೆಟ್ಟಿದ್ದರೆ ಪೈಪಿನಲ್ಲಿ ರಭಸವಾಗಿ ನೀರು ಬಿಟ್ಟು ಹಳೆಯದನ್ನು ಹೊರದೂಡಿ. ಕಾರ್ಯಕರ್ತೆ ಟಾರ್ಚ್ ಹಿಡಿದು ಬಟ್ಟಲಿಗೆ ಇಣುಕಿದರೆ ಬೇಸರ ಮಾಡಿಕೊಳ್ಳಬೇಡಿ. ಸೀಮೆಎಣ್ಣೆ ಬಿಡುವವರಿದ್ದಾರೆ, ಅದರಿಂದ ಗಿಡವೂ ಸಾಯುತ್ತದೆ. ಎಂಡೋಸಲ್ಫಾನ್ ಕಂಡ ಜಿಲ್ಲೆಯಲ್ಲಿ ಜಗಲಿಯ ಹೂಗಿಡಕ್ಕಾಗಿ ಕೀಟನಾಶಕ ತರುವುದು ನನಗಂತೂ ಸರಿಕಾಣುವುದಿಲ್ಲ. ವಾರಕ್ಕೊಮ್ಮೆ ನೀರು ಚೆಲ್ಲಲು ಆಗದವರು ಬಟ್ಟಲು ಇಲ್ಲದ, ನೆಲಕ್ಕಂಟಿ ನಕ್ಷತ್ರದಂತೆ ಹರಡುವ ಕ್ರಿಪ್ಟ್ಯಾಂತಸ್ ಬೆಳೆಸುವುದು ಒಳ್ಳೆಯದು.

ಒಂದೇ ಸಲ ಹೂ

ಪೇಟೆಯ ನರ್ಸರಿಯೊಂದರಲ್ಲಿ ಹೂಬಿಟ್ಟ ಗುಜ್ಮೇನಿಯಾ ಕೊಂಡಾಗ, ವರ್ಷವೂ ಹೂ ಬಿಡುತ್ತದೆಂದು ಅಂಗಡಿಯವರು ನನಗೆ ಹೇಳಿದ್ದರು. ಅದು ನಿಜವಲ್ಲ. ಬಾಳೆಯಂತೆ ಇದೂ ಒಮ್ಮೆ ಹೂಬಿಟ್ಟು, ಬುಡದಲ್ಲಿ ಮರಿ ಹಾಕಿ, ನಿಧಾನಕ್ಕೆ ಒಣಗುತ್ತದೆ. ತಾಯಿಗಿಡವನ್ನು ಅವಸರದಲ್ಲಿ ಕಿತ್ತೆಸೆಯಬೇಡಿ, ಮರಿಗೆ ಆಹಾರ ಅಲ್ಲಿಂದಲೇ.

ಬಲಿತರೂ ಹೂಬಿಡದ ಗಿಡಕ್ಕೆ ಉಪಾಯವಿದೆ. ಹೊಗೆ ತಗುಲಿದರೆ ಅನನಾಸು ಬೇಗ ಹೂಬಿಡುತ್ತದೆಂದು ಅಝೋರ್ಸ್ ದ್ವೀಪಗಳ ಬೆಳೆಗಾರರು 19ನೇ ಶತಮಾನದಲ್ಲೇ ಕಂಡುಕೊಂಡಿದ್ದರು. ಹೊಗೆಯಲ್ಲಿ ಆ ಕೆಲಸ ಮಾಡುವುದು ಎಥಿಲೀನ್ ಅನಿಲ. ಮಾಗುವ ಹಣ್ಣಿನಿಂದಲೂ ಅದೇ ಹೊರಡುತ್ತದೆ. ಬಟ್ಟಲಿನ ನೀರು ಪೂರ್ತಿ ಚೆಲ್ಲಿ, ಕುಂಡದ ಮೇಲೆ ಮಾಗಿದ ಸೇಬು ಇಟ್ಟು, ಇಡೀ ಗಿಡಕ್ಕೆ ಪ್ಲಾಸ್ಟಿಕ್ ಚೀಲ ಮುಚ್ಚಿ ವಾರದಷ್ಟು ಕಾಲ ನೆರಳಿನಲ್ಲಿಡಬೇಕು. ಎರಡು ಮೂರು ತಿಂಗಳಲ್ಲಿ ಹೂ ಕಾಣಬಹುದು. ಎಳೆಯ ಗಿಡಕ್ಕೆ ಈ ಉಪಾಯ ನಡೆಯದು.

ಮರಿ ತಾಯಿಯ ಮೂರನೇ ಒಂದರಷ್ಟು ಬೆಳೆದ ಮೇಲೆ ಹರಿತ ಚೂರಿಯಿಂದ ಬುಡಸಹಿತ ಬೇರ್ಪಡಿಸಿ, ಗಾಯ ಒಂದೆರಡು ದಿನ ಆರಿದ ಬಳಿಕ ನೆಡಿ. ಮಳೆಗಾಲದಲ್ಲಿ ಗಾಯ ಕೊಳೆಯುವುದರಿಂದ ತುಲಾ ಮಾಸ ಕಳೆದ ಮೇಲೆ ಈ ಕೆಲಸ ಮಾಡುವುದು ವಾಸಿ. ನೆರೆಹೊರೆಗೆ ಹಂಚಲು ಮರಿ ಸಾಕಷ್ಟು ಸಿಗುತ್ತದೆ.