ಟ್ರ್ಯಾಕ್ಟರಿನ ಹಿಂದಿನ ಕೊರಡು

ವಡೋದರಾದ ಗೋರ್ವಾದಲ್ಲಿ ಇವತ್ತು ಉಳುವ ಹೊಲ ಹುಡುಕುವುದು ಕಷ್ಟ. ಕೈಗಾರಿಕಾ ಎಸ್ಟೇಟು, ಅಲೆಂಬಿಕ್ ಔಷಧ ಕಾರ್ಖಾನೆಯ ರಸ್ತೆ, ರಿಫೈನರಿ ಕಡೆಗೆ ಹೋಗುವ ಲಾರಿಗಳು, ಅವುಗಳ ನಡುವೆ ಮನೆಗಳು. ಆದರೂ ಹೊಲ ಸಮ ಮಾಡಿ ಬಿತ್ತುವ ಕೆಲಸದ ಚರಿತ್ರೆ ಬರೆಯಹೊರಟವರು ಈ ಊರನ್ನು ದಾಟಿ ಹೋಗಲಾರರು. ಗುಜರಾತಿನ ಬೇಸಾಯವನ್ನು ಹೊರಗಿನವನೊಬ್ಬ ತಾಳ್ಮೆಯಿಂದ ನೋಡಿ ಬರೆದದ್ದು ಇಲ್ಲಿದ್ದಾಗಿನ ಅನುಭವದಿಂದ. ದೇಶದ ಮೊದಲ ತಲೆಮಾರಿನ ಟ್ರ್ಯಾಕ್ಟರ್ ಕಾರ್ಖಾನೆಗಳಲ್ಲಿ ಒಂದು ಎದ್ದದ್ದೂ ಇದೇ ನಗರದಲ್ಲಿ.

ಆ ಹೊರಗಿನವನ ಹೆಸರು ಅಲೆಕ್ಸಾಂಡರ್ ವಾಕರ್. 1802ರಿಂದ ಕೆಲವು ವರ್ಷ ಬರೋಡದ ದರ್ಬಾರಿನಲ್ಲಿ ಕಂಪನಿಯ ರೆಸಿಡೆಂಟ್ ಆಗಿದ್ದವನು. ಊರಿಗೆ ಮರಳಿದ ಮೇಲೆ, 1820ರ ಸುಮಾರಿಗೆ, ಮಲಬಾರ್ ಮತ್ತು ಗುಜರಾತಿನ ಕೃಷಿಯ ಬಗ್ಗೆ ಬರೆದ. ಧರಂಪಾಲ್ 1971ರ ತಮ್ಮ ಪುಸ್ತಕದಲ್ಲಿ ಅದನ್ನು ಸೇರಿಸಿದ್ದರಿಂದ ನಮ್ಮ ಕಾಲದ ಓದುಗರಿಗೆ ಅದು ಸಿಕ್ಕಿತು. ಹಿಂದೂಸ್ತಾನದ ನೇಗಿಲು ಮಣ್ಣು ಕೆರೆಯುವ ಕಡ್ಡಿಯಷ್ಟೇ ಎಂದು ಆಗ ಇಂಗ್ಲೆಂಡಿನಲ್ಲಿ ಆಡಿಕೊಳ್ಳುತ್ತಿದ್ದರು. ವಾಕರ್ ಅದನ್ನು ಒಪ್ಪಲಿಲ್ಲ. ಮಣ್ಣಿಗೆ ತಕ್ಕಂತೆ ನೇಗಿಲು ಬೇರೆ ಬೇರೆ ಎಂಬುದನ್ನೂ, ಸಾಲು ಹಿಡಿದು ಬಿತ್ತುವ ಉಪಕರಣ ಇಲ್ಲಿ ಹಳೆಯ ಸಂಗತಿ ಎಂಬುದನ್ನೂ ಅವನು ಗುರುತಿಸಿದ. ಹೆಚ್ಚುಕಡಿಮೆ ಅದೇ ಕಾಲದಲ್ಲಿ, 1800ರಲ್ಲಿ, ಫ್ರಾನ್ಸಿಸ್ ಬುಕಾನನ್ ಮೈಸೂರು ಸೀಮೆಯಲ್ಲಿ ತಿರುಗುತ್ತ ಕೂರಿಗೆ, ಕುಂಟೆ, ಹಲುಬೆಗಳ ವಿವರ ಬರೆದುಕೊಂಡ. ರಾಗಿಯ ಜೊತೆಗೇ ಅವರೆಯ ಅಕ್ಕಡಿ ಸಾಲು ಬಿತ್ತಲು ಕೂರಿಗೆಯ ಹಿಂದೆ ಕಟ್ಟುವ ಸಡ್ಡೆಯೂ ಅವನ ಕಣ್ಣಿಗೆ ಬಿದ್ದಿತ್ತು.

ಇಬ್ಬರಲ್ಲೂ ಬರುವ ಬಿತ್ತನೆಯ ಸಲಕರಣೆಗೆ ಒಂದು ಷರತ್ತಿದೆ: ನೆಲ ಸಮವಾಗಿರಬೇಕು. ಕೂರಿಗೆಯ ತಾಳುಗಳೆಲ್ಲ ಒಂದೇ ಮರದ ದಿಂಡಿಗೆ ಸೇರಿರುತ್ತವೆ. ದಿಬ್ಬದ ಮೇಲೆ ಹೋಗುವ ತಾಳು ಆಳಕ್ಕೆ ಇಳಿದರೆ, ತಗ್ಗಿನ ಮೇಲೆ ಹೋಗುವ ತಾಳು ಗಾಳಿಯಲ್ಲಿ ತೇಲುತ್ತದೆ. ಒಂದು ಬೀಜ ಮೊಳಕೆ ಮೇಲಕ್ಕೆ ತರಲಾರದೆ ಸಾಯುತ್ತದೆ, ಇನ್ನೊಂದು ಹಕ್ಕಿಯ ಪಾಲಾಗುತ್ತದೆ. ಭತ್ತದ ಗದ್ದೆಯಲ್ಲಿ ಇದು ಇನ್ನೂ ಕಟುವಾದ ಲೆಕ್ಕ. ಎತ್ತರದಲ್ಲಿ ನೀರು ನಿಲ್ಲದೆ ಕಳೆ ಏಳುತ್ತದೆ, ತಗ್ಗಿನಲ್ಲಿ ನೀರು ನಿಂತು ಬೀಜ ಕೊಳೆಯುತ್ತದೆ. ಮರುಬಿತ್ತನೆಯ ಕಾರಣವನ್ನು ಮಳೆಯ ಮೇಲೆ ಹಾಕುವುದು ರೂಢಿ. ಅರ್ಧ ಕಾರಣ ಹೊಲದ ಮೈಯಲ್ಲೇ ಇರುತ್ತದೆ.

ಹಾಗಾಗಿ ಬಿತ್ತನೆಯ ಹಿಂದುಮುಂದೆ ಒಂದು ಭಾರದ ಮರ ಎಳೆಯುವುದು ಎಲ್ಲ ಕಡೆ ಇದ್ದದ್ದೇ. ಕನ್ನಡದಲ್ಲಿ ಅದು ಕೊರಡು, ಗುಜರಾತಿಯಲ್ಲಿ ಸಮಾರ್. ಹೆಂಟೆ ಒಡೆಯಲು, ಮೇಲೆದ್ದ ಮಣ್ಣನ್ನು ತಗ್ಗಿಗೆ ನೂಕಲು, ಬೀಜ ಮುಚ್ಚಲು ಅದೊಂದೇ ಸಾಕು. ಭಾರ ಸಾಲದಿದ್ದರೆ ಹೊಡೆಯುವವನೇ ಅದರ ಮೇಲೆ ನಿಲ್ಲುತ್ತಾನೆ. ದಿಬ್ಬ ಬಂದಾಗ ಹಿಂದಕ್ಕೆ ಒರಗುತ್ತಾನೆ, ತಗ್ಗು ಬಂದಾಗ ಹಗುರಾಗುತ್ತಾನೆ. ಇಡೀ ವ್ಯವಸ್ಥೆಯ ಸೂಕ್ಷ್ಮ ಭಾಗ ಅವನ ಅಂಗಾಲು. ಬಿತ್ತನೆಯಲ್ಲಿ ಅಂಥ ಭಾಗ ಕೂರಿಗೆಯ ಬಟ್ಟಲಿಗೆ ಬೀಜ ಬಿಡುವವರ ಬೆರಳು. ಉತ್ತರ ಕರ್ನಾಟಕದಲ್ಲಿ ಅದು ಬಹುಮಟ್ಟಿಗೆ ಹೆಂಗಸರ ಕೆಲಸ.

ವಿಶ್ವಾಮಿತ್ರಿಯ ಕಾರ್ಖಾನೆಗೆ ಇವೆರಡೂ ಲೆಕ್ಕಕ್ಕೆ ಬಂದಿರಲಿಲ್ಲ, ಬರುವ ಕಾಲವೂ ಅದಲ್ಲ. 1959ರಲ್ಲಿ ಬರೋಡದಲ್ಲಿ ಶುರುವಾದ ಹಿಂದೂಸ್ತಾನ್ ಟ್ರ್ಯಾಕ್ಟರ್ಸ್ ಜೆಕೊಸ್ಲೊವಾಕಿಯಾದ ಜೆಟರ್ ಕಂಪನಿಯ ತಂತ್ರಜ್ಞಾನ ತಂದಿತು. 1978ರಲ್ಲಿ ಅದು ಸರ್ಕಾರದ ಗುಜರಾತ್ ಟ್ರ್ಯಾಕ್ಟರ್ ಕಾರ್ಪೊರೇಷನ್ ಆಯಿತು, ಆಮೇಲೆ ಮಹೀಂದ್ರಾದ ಕೈ ಸೇರಿತು, 2017ರಲ್ಲಿ ಗ್ರೋಮ್ಯಾಕ್ಸ್ ಎಂದು ಹೆಸರು ಬದಲಿಸಿಕೊಂಡಿತು. ಇಂಥ ಕಾರ್ಖಾನೆಗಳ ಕಥೆಯನ್ನು ಯಾವಾಗಲೂ ಅಶ್ವಶಕ್ತಿಯ ಏಣಿಯಾಗಿಯೇ ಹೇಳುತ್ತಾರೆ: ಇಷ್ಟಿತ್ತು, ಇಷ್ಟಾಯಿತು. ಆದರೆ 50 ಅಶ್ವಶಕ್ತಿಯ ಯಂತ್ರಕ್ಕೆ ತಿರುಗಲು ಜಾಗ ಬೇಕು. ದೇಶದ ಸರಾಸರಿ ಹಿಡುವಳಿ 1970–71ರಲ್ಲಿ 2.28 ಹೆಕ್ಟೇರ್ ಇದ್ದದ್ದು 2015–16ರ ಕೃಷಿ ಗಣತಿಗೆ 1.08ಕ್ಕೆ ಇಳಿಯಿತು. ಟ್ರ್ಯಾಕ್ಟರ್ ಬೆಳೆಯುತ್ತಿತ್ತು, ಹೊಲ ಕುಗ್ಗುತ್ತಿತ್ತು. ಅದೂ ಒಂದೇ ತುಂಡಾಗಿಯಲ್ಲ, ಅಣ್ಣತಮ್ಮಂದಿರ ಪಾಲಿನಲ್ಲಿ ಬದುಗಳಾಗಿ ಒಡೆದು.

ಸಣ್ಣ ಟ್ರ್ಯಾಕ್ಟರು ಬಂದದ್ದು ಈ ಬಿರುಕಿನೊಳಗಿಂದ. ಬೆಂಗಳೂರಿನ ವಿಎಸ್‌ಟಿ ಟಿಲ್ಲರ್ಸ್ 1967ರಲ್ಲಿ ಜಪಾನಿನ ಮಿತ್ಸುಬಿಷಿ ಜೊತೆ ಸೇರಿ ಪವರ್ ಟಿಲ್ಲರ್ ಕೈಗೆತ್ತಿಕೊಂಡಿತು. ಮುಂದೆ ಅದೇ ಕಂಪನಿಯಿಂದ 18.5 ಅಶ್ವಶಕ್ತಿಯ ಪುಟ್ಟ ಟ್ರ್ಯಾಕ್ಟರೂ ಬಂತು. ಸೌರಾಷ್ಟ್ರದಲ್ಲಿ ದಾರಿ ಬೇರೆಯಾಗಿತ್ತು. ಬರದ ವರ್ಷಗಳಲ್ಲಿ ಎತ್ತು ಸಾಕಲಾಗದ ಅಮ್ರೇಲಿಯ ರೈತರಿಗಾಗಿ ಮನ್ಸುಖ್‌ಭಾಯಿ ಜಗಾನಿ ಎನ್‌ಫೀಲ್ಡ್ ಬುಲೆಟ್ ಬೈಕಿನ ಹಿಂದಿನ ಚಕ್ರ ತೆಗೆದು, ಡೀಸೆಲ್ ಎಂಜಿನ್ ಕೂರಿಸಿ, ಎರಡು ಚಕ್ರದ ಜೋಡಣೆ ಹಾಕಿದರು. ಜನ ಅದನ್ನು ‘ಬುಲೆಟ್ ಸಾಂತಿ’ ಎಂದರು. ಸಾಂತಿ ಎತ್ತಿನ ಬೇಸಾಯದ ಮಾತು. ಯಂತ್ರ ಹೊಸದು, ಹೆಸರಿನಲ್ಲಿ ಎತ್ತು ಹಾಗೇ ಉಳಿಯಿತು. ಯಾವ ಮಾರುಕಟ್ಟೆ ಸಮೀಕ್ಷೆಗಿಂತ ಆ ಹೆಸರು ಹೆಚ್ಚು ಹೇಳುತ್ತದೆ: ರೈತರು ಕೇಳುತ್ತಿದ್ದದ್ದು ಸಣ್ಣ ಟ್ರ್ಯಾಕ್ಟರನ್ನಲ್ಲ, ಡೀಸೆಲ್ ಕುಡಿಯುವ ಎತ್ತನ್ನು.

ಪುಟ್ಟ ಟ್ರ್ಯಾಕ್ಟರಿನಿಂದ ನೆಲ ಸಮ ಮಾಡಲು ಸಾಧ್ಯವಾದದ್ದಕ್ಕೆ ಇನ್ನೊಂದು ಕಾರಣವಿದೆ. 1936ರಲ್ಲಿ ಹ್ಯಾರಿ ಫರ್ಗುಸನ್ನನ ವಿಧಾನದ ಮೂರು ಕೊಂಡಿಯ ಜೋಡಣೆ ಮಾರಾಟದ ಟ್ರ್ಯಾಕ್ಟರಿಗೆ ಬಂತು. ಅದಕ್ಕೂ ಮೊದಲು ಸಲಕರಣೆ ಹೆಚ್ಚಾಗಿ ಟ್ರ್ಯಾಕ್ಟರಿನ ಹಿಂದೆ ಸುಮ್ಮನೆ ಎಳೆದುಕೊಂಡು ಹೋಗುತ್ತಿತ್ತು. ಕೊಂಡಿ ಬಂದ ಮೇಲೆ ಹೈಡ್ರಾಲಿಕ್ ಕೈ ಅದನ್ನು ಎತ್ತಿ ಇಳಿಸತೊಡಗಿತು. ಕೊರಡಿನ ಮೇಲೆ ನಿಂತವನ ಅಂಗಾಲು ಹೀಗೆ ಒಂದು ಸನ್ನೆಕೋಲಾಯಿತು. 2001ರ ಸುಮಾರಿಗೆ ಪಶ್ಚಿಮ ಉತ್ತರ ಪ್ರದೇಶಕ್ಕೆ ಬಂದ ಲೇಸರ್ ಮಟ್ಟಗೋಲು ಅದನ್ನೂ ಕಿತ್ತುಕೊಂಡಿತು. ಹೊಲದ ಬದಿಯ ಮುಕ್ಕಾಲಿಯಿಂದ ಕಿರಣ ಸುತ್ತುತ್ತದೆ, ಬಕೆಟ್ಟಿನ ಕಂಬದ ಮೇಲಿನ ಗ್ರಾಹಕ ಅದನ್ನು ಹಿಡಿಯುತ್ತದೆ, ಅಲಗು ತಾನಾಗಿ ಏರಿಳಿಯುತ್ತದೆ. ತುಂಗಭದ್ರಾ ಅಚ್ಚುಕಟ್ಟಿನ ಭತ್ತದಲ್ಲಿ ನೇರ ಬಿತ್ತನೆಯ ಜೊತೆಗೆ ಇದೂ ಬಂತು. ಆದರೆ ಅದನ್ನು ಎಳೆಯಲು ಮತ್ತೆ ದೊಡ್ಡ ಟ್ರ್ಯಾಕ್ಟರೇ ಬೇಕು.

ಸಮ ಮಾಡುವುದೇ ಯಾವಾಗಲೂ ಸರಿ ಎಂದೂ ಅಲ್ಲ. 1942ರ ಮುಂಬಯಿ ಭೂ ಸುಧಾರಣಾ ಕಾಯ್ದೆಯ ಹಿಂದೆ ಇಳಿಜಾರಿನ ಸಮಪಾತಳಿ ಬದುಗಳ ಯೋಚನೆ ಇತ್ತು: ಹೊಲವನ್ನು ಪೂರ್ತಿ ಚಪ್ಪಟೆ ಮಾಡದೆ ನೀರಿನ ಓಟಕ್ಕೆ ತಡೆ ಹಾಕುವುದು. 1949ರಲ್ಲಿ ಬರೋಡ ಮುಂಬಯಿ ಪ್ರಾಂತ್ಯಕ್ಕೆ ಸೇರಿತು. ವಿಜಯಪುರ, ಧಾರವಾಡಗಳು 1956ರವರೆಗೆ ಅಲ್ಲೇ ಇದ್ದವು. ಹೀಗೆ ಏಳು ವರ್ಷ ಎರಡೂ ಕಡೆಯ ಕಪ್ಪು ಮಣ್ಣಿಗೆ ಒಂದೇ ಸರ್ಕಾರ. ಎರೆಹೊಲಕ್ಕೆ ನೀರು ಬಸಿದು ಹೋಗುವಷ್ಟು ಇಳಿಜಾರು ಉಳಿಸಲೇಬೇಕು, ಇಲ್ಲದಿದ್ದರೆ ಹಿಂಗಾರಿ ಜೋಳ ಬಿತ್ತುವ ಹೊತ್ತಿಗೆ ಕಾಲಿಡಲಾಗದ ಕೆಸರು.

ಇನ್ನೊಂದು ಅಪಾಯ ಕಣ್ಣಿಗೆ ಬೇಗ ಬೀಳುವುದಿಲ್ಲ. ಒಂದು ಎಕರೆಯಲ್ಲಿ ಒಂದು ಸೆಂಟಿಮೀಟರ್ ಮಣ್ಣು ಎಂದರೆ ಸುಮಾರು 40 ಘನಮೀಟರ್, ತೂಕದಲ್ಲಿ 50 ಟನ್ನಿನ ಆಸುಪಾಸು. ಕೊರಡು ಇದನ್ನು ವರ್ಷ ವರ್ಷಕ್ಕೆ ಸ್ವಲ್ಪಸ್ವಲ್ಪವೇ ಸರಿಸುತ್ತಿತ್ತು, ನಡುವೆ ಗೊಬ್ಬರ ಬೀಳುತ್ತಿತ್ತು. ಯಂತ್ರ ಒಂದು ಮಧ್ಯಾಹ್ನದಲ್ಲಿ ದಿಬ್ಬದ ನೆತ್ತಿ ಹಾರಿಸುತ್ತದೆ. ಫಲವತ್ತಾದ ಮೇಲ್ಮಣ್ಣು ತಗ್ಗಿನಲ್ಲಿ ಹೂತುಹೋಗುತ್ತದೆ, ದಿಬ್ಬವಿದ್ದ ಕಡೆ ಬಿಳಿಚಿಕೊಂಡ ಒಳಮಣ್ಣು ಮೇಲೆ ಬರುತ್ತದೆ. ಅಲ್ಲಿ ಮೊದಲ ಒಂದೆರಡು ಹಂಗಾಮು ಬೀಜ ಮೂಡಿದರೂ ಪೈರು ಸೊರಗುತ್ತದೆ. ಮೇಲ್ಮಣ್ಣನ್ನು ಮೊದಲು ಕೆರೆದು ಒಂದು ಬದಿಗೆ ಗುಡ್ಡೆ ಹಾಕಿ, ಒಳಮಣ್ಣನ್ನು ಸಮ ಮಾಡಿ, ಮತ್ತೆ ಹರಡುವುದು ಸರಿಯಾದ ಕ್ರಮ. ಅಗಲ ಕಡಿಮೆ ಇರುವ ಅಲಗು, ಒಂದು ಟನ್ನಿಗಿಂತ ಹಗುರವಾದ ಟ್ರ್ಯಾಕ್ಟರು, ತೆಳುವಾಗಿ ಹಲವು ಸುತ್ತು ಇದಕ್ಕೆ ಹೇಳಿಮಾಡಿಸಿದ ಹಾಗಿವೆ. ಮಣ್ಣೂ ಗಟ್ಟಿ ಕಟ್ಟುವುದಿಲ್ಲ. ಸಮ ಮಾಡಿದ ವರ್ಷ ಸೆಣಬು ಅಥವಾ ಡಯಾಂಚ ಬಿತ್ತಿ ಮಣ್ಣಿಗೆ ಮಗುಚುವುದೂ ಇದೇ ಕ್ರಮದ ಭಾಗ.

ಆದರೆ ಇದಕ್ಕೆ ಹೊತ್ತು ದುಪ್ಪಟ್ಟು ಹಿಡಿಯುತ್ತದೆ. ಕರ್ನಾಟಕದಲ್ಲಿ 2014ರ ನಂತರದ ಕೃಷಿ ಯಂತ್ರಧಾರೆ ಕೇಂದ್ರಗಳಲ್ಲಾಗಲಿ, ಊರಿನ ಖಾಸಗಿ ಮಾಲೀಕರ ಬಳಿಯಾಗಲಿ, ಸಣ್ಣ ರೈತನಿಗೆ ಟ್ರ್ಯಾಕ್ಟರು ಸಿಗುವುದು ಬಾಡಿಗೆಗೆ, ಬಹಳ ಕಡೆ ಗಂಟೆಯ ಲೆಕ್ಕದಲ್ಲಿ. ಮುಂಗಾರಿನ ಮೊದಲ ಹದ ಬಿದ್ದ ವಾರ ಯಂತ್ರಕ್ಕೆ ಸಾಲು ಹಚ್ಚಿದವರು ಹತ್ತು ಜನ. ಡ್ರೈವರ್ ಇನ್ನೊಂದು ಹೊಲಕ್ಕೆ ಓಡಬೇಕು. ಮೇಲ್ಮಣ್ಣಿನ ಗುಡ್ಡೆ ಬೇರೆ ಹಾಕು ಎಂದರೆ ಅವನು ಗಡಿಯಾರ ನೋಡುತ್ತಾನೆ, ಹೊಲದವನು ಜೇಬು ಮುಟ್ಟಿಕೊಳ್ಳುತ್ತಾನೆ, ದಿಬ್ಬವನ್ನು ಒಂದೇ ಸಲಕ್ಕೆ ನೂಕುತ್ತಾರೆ.