ನೆಲದ ಮೇಲೊಂದು ಗಗನನೌಕೆ

ಗುಂಡ್ಲುಪೇಟೆಯಿಂದ ಗೋಪಾಲಸ್ವಾಮಿ ಬೆಟ್ಟಕ್ಕೆ ಬಸ್ಸು ಓಡಿಸುವ ಚಾಲಕರು ಮೊದಲು ಬಯಲಿನ ರಸ್ತೆಯಲ್ಲಿ ಕೈ ಪಳಗಿಸಿಕೊಂಡು ಆಮೇಲೆ ಬೆಟ್ಟದ ತಿರುವು ಹತ್ತುತ್ತಾರೆ. ಗಗನಯಾತ್ರಿಗೆ ಆ ಅನುಕೂಲವಿಲ್ಲ. ಮೊದಲ ಪ್ರಯಾಣವೇ ನಿಜವಾದ ಪ್ರಯಾಣ. ಆದ್ದರಿಂದ ನೆಲದ ಮೇಲೆಯೇ ಅಂಥದೇ ಕಾಕ್‌ಪಿಟ್ ಕಟ್ಟಿ, ಅವೇ ಗುಂಡಿಗಳನ್ನೂ ಪರದೆಗಳನ್ನೂ ಇಟ್ಟು, ಕಂಪ್ಯೂಟರ್ ಮೂಲಕ ಹಾರಾಟದ ಅನುಭವ ಕೊಡುತ್ತಾರೆ. ಇದೇ ಸಿಮ್ಯುಲೇಟರ್.

ಇದರ ಬೆಲೆ ತಿಳಿಯಲು 1969ರ ಒಂದು ಘಟನೆ ಸಾಕು. ಅಪೊಲೊ 11 ಹೊರಡುವ ಮುಂಚೆ ಹ್ಯೂಸ್ಟನ್‌ನಲ್ಲಿ ನಡೆದ ಅಭ್ಯಾಸದಲ್ಲಿ ತರಬೇತುದಾರರು ನೌಕೆಯ ಕಂಪ್ಯೂಟರಿನಲ್ಲಿ ಬೇಕೆಂದೇ ಒಂದು ಎಚ್ಚರಿಕೆ ಸಂಖ್ಯೆ ಮೂಡಿಸಿದರು. ಅದರ ಅರ್ಥ ಖಚಿತವಾಗಿ ತಿಳಿಯದೆ, ನಿಯಂತ್ರಣ ಕೊಠಡಿಯಲ್ಲಿದ್ದ 26 ವರ್ಷದ ಸ್ಟೀವ್ ಬೇಲ್ಸ್ ಚಂದ್ರನ ಮೇಲಿಳಿಯುವುದನ್ನೇ ರದ್ದು ಮಾಡಿಸಿದರು. ರದ್ದು ಮಾಡಬೇಕಿರಲಿಲ್ಲ ಎಂದು ಆಮೇಲೆ ತಿಳಿಯಿತು. ಅವರ ಜೊತೆಗಾರ, 24 ವರ್ಷದ ಜ್ಯಾಕ್ ಗಾರ್ಮನ್, ಅಂಥ ಎಚ್ಚರಿಕೆಗಳ ಅರ್ಥವನ್ನೆಲ್ಲ ಪಟ್ಟಿ ಮಾಡಿಟ್ಟುಕೊಂಡರು. ಜುಲೈ 20ರಂದು ನಿಜವಾದ ಇಳಿಕೆಯ ನಡುವೆ 1202 ಎಂಬ ಎಚ್ಚರಿಕೆ ಬಂತು. ಕಂಪ್ಯೂಟರಿಗೆ ಕೆಲಸ ಹೆಚ್ಚಾಗಿದೆ ಎಂದು ಅದರರ್ಥ. ಅದು ಮುಖ್ಯ ಕೆಲಸ ಬಿಟ್ಟಿರಲಿಲ್ಲ. ಪಟ್ಟಿ ಸಿದ್ಧವಿತ್ತು, ಮುಂದುವರಿಯಬಹುದು ಎಂಬ ಉತ್ತರ ಕ್ಷಣಗಳಲ್ಲಿ ಹೋಯಿತು.

ಆ ಕಂಪ್ಯೂಟರಿನ ಕೀಲಿಮಣೆಯಲ್ಲಿ 'ಕ್ರಿಯಾಪದ', 'ನಾಮಪದ' ಎಂಬ ಅರ್ಥದ ಎರಡು ಇಂಗ್ಲಿಷ್ ಗುಂಡಿಗಳಿದ್ದವು. ಏನು ಮಾಡಬೇಕೆಂಬುದಕ್ಕೆ ಒಂದು ಸಂಖ್ಯೆ, ಯಾವ ಮಾಹಿತಿಯ ಮೇಲೆ ಎಂಬುದಕ್ಕೆ ಇನ್ನೊಂದು. ಅದರ ಮೂಲ ತಂತ್ರಾಂಶವನ್ನೇ ಓಡಿಸುವ ಉಚಿತ ಸಿಮ್ಯುಲೇಟರ್ ಈಗ ಮನೆಯಲ್ಲೇ ಸಿಗುತ್ತದೆ. ನನ್ನ ಲ್ಯಾಪ್‌ಟಾಪಿನಲ್ಲಿ ಆ ಗುಂಡಿಗಳನ್ನು ಒತ್ತುವಾಗಲೆಲ್ಲ ನಮ್ಮ ಶಾಲೆಯ ವ್ಯಾಕರಣದ ತರಗತಿ ನೆನಪಾಗುತ್ತದೆ.

ನಮ್ಮ ರಾಜ್ಯಕ್ಕೂ ಈ ಕೆಲಸ ಹೊಸದಲ್ಲ. ಬೆಂಗಳೂರಿನಲ್ಲಿ ರೂಪುಗೊಂಡ ತೇಜಸ್ ಯುದ್ಧವಿಮಾನ ತಾನಾಗಿ ಸ್ಥಿರವಾಗಿ ಹಾರದು. ಕಂಪ್ಯೂಟರ್ ಅದನ್ನು ಸದಾ ಹಿಡಿದಿರಬೇಕು. 1998ರ ಪೋಖ್ರಾನ್ ಪರೀಕ್ಷೆಯ ನಂತರ ಅಮೆರಿಕ ನಿರ್ಬಂಧ ಹೇರಿತು. ಅಲ್ಲಿ ಈ ತಂತ್ರಾಂಶಕ್ಕಾಗಿ ದುಡಿಯುತ್ತಿದ್ದ ನಮ್ಮ ಎಂಜಿನಿಯರುಗಳು ವಾಪಸಾಗಬೇಕಾಯಿತು. ಉಳಿದ ಕೆಲಸವನ್ನು ಇಲ್ಲಿಯೇ ಮುಗಿಸಿದರು. ಪೈಲಟ್‌ಗಳು ಸಿಮ್ಯುಲೇಟರಿನಲ್ಲಿ ಮತ್ತೆ ಮತ್ತೆ ಹಾರಿಸಿ ನೋಡಿದ ಮೇಲೆ, 2001ರ ಜನವರಿ 4ರಂದು ರಾಜೀವ್ ಕೋಥಿಯಾಲ್ ಅದನ್ನು ಆಕಾಶಕ್ಕೆ ಒಯ್ದರು.

1984ರಲ್ಲಿ ಬಾಹ್ಯಾಕಾಶಕ್ಕೆ ಹೋದ ರಾಕೇಶ್ ಶರ್ಮಾ ಸೋವಿಯತ್ ದೇಶದಲ್ಲಿ ಕಲಿಯಬೇಕಾಗಿತ್ತು. ಗಗನಯಾನ ಯೋಜನೆಗೆ ಆಯ್ಕೆಯಾದ ನಾಲ್ವರು ರಷ್ಯಾದಲ್ಲಿ ಕಲಿತು ಬಂದ ಮೇಲೆ, ಬೆಂಗಳೂರಿನ ಇಸ್ರೋ ತರಬೇತಿ ಕೇಂದ್ರದಲ್ಲೂ ಅಭ್ಯಾಸ ನಡೆಸಿದ್ದಾರೆ. ಈ ಸುವರ್ಣ ಮಹೋತ್ಸವದ ಹೊತ್ತಿಗೆ ಆ ಕಾಕ್‌ಪಿಟ್ ನಮಗೆ ಅಷ್ಟು ಹತ್ತಿರ ಬಂದಿದೆ.

ಚಾಮರಾಜನಗರ ಜಿಲ್ಲೆಯ ನನ್ನ ಕಿರಿಯ ವಿದ್ಯಾರ್ಥಿಗಳೇ, ತಪ್ಪು ಲೆಕ್ಕವನ್ನು ನಾಚಿಕೆಯಿಂದ ಅಳಿಸಿಬಿಡಬೇಡಿ. ಎಲ್ಲಿ ತಪ್ಪಿತು ಎಂದು ಪಕ್ಕದಲ್ಲಿ ಬರೆದಿಡಿ. ಚಂದ್ರನ ಮೇಲೆ ಇಳಿದವರಿಗೆ ನೆರವಾದದ್ದು ಅಂಥದೇ ಒಂದು ಪಟ್ಟಿ.